ಹಿರೇಬೆಣಕಲ್‌ಗೆ ಹೋಗುವವರು ಮೊದಲು ವಗ್ಗರಣಿ ತಿನ್ನಿ

ಮೊದಲ ಮಾತು, ಹಂಪಿ ಕಡೆ ರೂಮ್ ಮಾಡಬೇಡಿ. ಶನಿವಾರ ಅಂತ 2,200 ರೂಪಾಯಿ ಕಿತ್ತುಕೊಂಡರು, ಬೆಳಗ್ಗೆ ನೋಡಿದರೆ ನಲ್ಲಿಯಲ್ಲಿ ನೀರೇ ಇಲ್ಲ. ಗಂಗಾವತಿಯಲ್ಲಿ ಉಳಿಯಿರಿ, ಗುಡ್ಡದ ಮೇಲೆ ಹಳೆಯ ಕಲ್ಲಿನ ಗೋರಿಗಳಿರುವ ಹಿರೇಬೆಣಕಲ್ ಅಲ್ಲಿಂದ ಸುಮಾರು 10 ಕಿ.ಮೀ. ಅಷ್ಟೇ. ಹಂಪಿಯಲ್ಲಿ ಕಳೆದ ಎರಡು ದಿನದ ಕಥೆ ಬೇಡ, ಆ ಜನಜಂಗುಳಿ ನನಗೆ ಆಗಿಬರುವುದಿಲ್ಲ.

ಗಂಗಾವತಿ ಬಸ್ ಸ್ಟ್ಯಾಂಡ್ ಹತ್ತಿರ ಬೋರ್ಡೂ ಇಲ್ಲದ ಒಂದು ಅಂಗಡಿ. ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿ ಬಾಡಿಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದ ವಗ್ಗರಣಿ, ಪಕ್ಕದಲ್ಲಿ ಬಾಣಲೆಯಿಂದ ಆಗ ತಾನೇ ಎತ್ತಿದ ಮಿರ್ಚಿ. ಮೂರು ಮಿರ್ಚಿ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೊಂದು ಕೇಳಿದೆ. ಚಹಾ ಸೇರಿ 50 ರೂಪಾಯಿ. ಏಳು ಗಂಟೆಗೇ ಹೋಗಿ.

ಆಮೇಲೆ ಆಟೋ. ಗುಡ್ಡದ ಬುಡದವರೆಗೆ ಅಂತ 300ಕ್ಕೆ ಒಪ್ಪಿದವರು ಊರೊಳಗೇ ಇಳಿಸಿ, "ಅಲ್ಲೇ ಕಾಣ್ತದಲ್ರೀ" ಅಂದು ಹೋಗಿಬಿಟ್ಟರು. ಆದರೆ ಅದೇ ಒಳ್ಳೆಯದಾಯಿತು. ದಾರಿ ಕೇಳಲು ನಿಂತಾಗ ಊರಿನ ಹಿರಿಯರೊಬ್ಬರು ಜೊತೆಗೆ ಬಂದರು. ಅವರಿಲ್ಲದಿದ್ದರೆ ಬಂಡೆಗಳ ನಡುವೆ ದಾರಿ ತಪ್ಪುತ್ತಿದ್ದೆ. ನೀವೂ ಊರಿನವರೊಬ್ಬರನ್ನು ಕರೆದುಕೊಳ್ಳಿ, ದುಡ್ಡು ಮೊದಲೇ ಮಾತಾಡಿ ಕೊಡಿ. ಮೇಲೆ ಅಂಗಡಿಯಿಲ್ಲ, ನೆರಳೂ ಕಡಿಮೆ. ಒಬ್ಬರಿಗೆ ಎರಡು ಲೀಟರ್ ನೀರು ಬೇಕೇ ಬೇಕು.

ಮೇಲೆ ಕಲ್ಲಿನ ಗೋರಿಗಳ ಒಂದು ಊರೇ ಇದೆ. ಸುಮಾರು 400 ರಚನೆಗಳು, 2,000 ವರ್ಷಕ್ಕೂ ಹಳೆಯವು, ಕೆಲವು ಆಳೆತ್ತರಕ್ಕಿಂತ ಜಾಸ್ತಿ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ, ಆದರೂ ನಾವು ಹೋದ ದಿನ ಅಲ್ಲಿ ನಾವಿಬ್ಬರೇ! ಮೋರ್ಯರು ಅನ್ನುವ ಗಿಡ್ಡ ಜನ ಕಟ್ಟಿಕೊಂಡ ಮನೆಗಳು ಅಂತ ಊರಿನ ಕಥೆ.

ಇಷ್ಟು ದೊಡ್ಡ ಚಪ್ಪಡಿಗಳನ್ನು ಹೇಗೆ ನಿಲ್ಲಿಸಿದರು ಅಂತ ಬಾಯಿಬಿಟ್ಟು ನಿಂತಿದ್ದೆ. ಹಿರಿಯರು ಮೊದಲು ಕಾಲಕೆಳಗಿನ ಬಂಡೆ ತೋರಿಸಿದರು. ಇಲ್ಲಿನ ಕಣಶಿಲೆ (ಗ್ರಾನೈಟ್) ತಾನಾಗಿಯೇ ಪದರ ಪದರವಾಗಿ ಬಿಡುತ್ತದೆ, ಸೀಳು ನೋಡಿ ಬಡಿದರೆ ಚಪ್ಪಡಿ ಸಿಕ್ಕಿತು. ನಡುವೆ ಇರುವ ಕೆರೆಯೂ ಕಲ್ಲು ತೆಗೆದ ಜಾಗವೇ, ಹಾಗಾಗಿ ದೂರದಿಂದ ಸಾಗಿಸುವ ಗೋಳಿಲ್ಲ. ನಿಲ್ಲಿಸುವುದು? "ಒಮ್ಮೆಲೇ ಎತ್ತಾಕ ಹೋದ್ರ ಆಗೂದಿಲ್ರೀ. ಹಾರಿಲೇ ಬೆರಳಷ್ಟು ಮೀಟಬೇಕು, ಕೆಳಗ ಕಲ್ಲ ತುರುಕಬೇಕು, ಮತ್ತ ಮೀಟಬೇಕು" ಅಂದರು. ಅವರ ಹೊಲದ ಚಪ್ಪಡಿ ಬೇಲಿ ಎದ್ದದ್ದೂ ಹೀಗೇ ಅಂತೆ. ಆಗಿನವರದು ಮರದ ಸನ್ನೆಕೋಲೇ ಇರಬೇಕು. ಒಂದು ಚಪ್ಪಡಿಯ ಅಂಚು ಇನ್ನೊಂದಕ್ಕೆ ಆತುಕೊಂಡಿರುವುದರಿಂದ ಅವು ಒಳಗೆ ಬೀಳುವುದಿಲ್ಲ. ಮೇಲಿನ ಮುಚ್ಚಳದ ಕಲ್ಲನ್ನು ಮಣ್ಣಿನ ಇಳಿಜಾರು ಮಾಡಿ ಎಳೆದಿರಬಹುದು. ಬುಡಕ್ಕೆ ಕೊಟ್ಟ ಸಣ್ಣ ಕಲ್ಲುಗಳನ್ನು ಬಗ್ಗಿ ನೋಡಿ, ಆದರೆ ಮುಟ್ಟಬೇಡಿ. ನಿಧಿ ಹುಡುಕುವವರು ಕಿತ್ತು ಕೆಡವಿದ್ದೇ ಬೇಕಾದಷ್ಟಿವೆ.

ಹನ್ನೊಂದರೊಳಗೆ ಇಳಿದುಬಿಡಿ. ನಾವು ಒಂದು ಗಂಟೆಗೆ ಇಳಿದೆವು, ಬಂಡೆ ಕಾದು ಚಪ್ಪಲಿಯ ಅಂಟೇ ಬಿಟ್ಟಿತು. ವಾಪಸ್ ಗಂಗಾವತಿಗೆ ಬರುವಷ್ಟರಲ್ಲಿ ವಗ್ಗರಣಿಯೂ ಖಾಲಿ.