ಕರುಣೆಯ ಪಟ್ಟಿ, ಮೂರನೇ ವಾರ: ಬಾರ್ಲಿ ಕೊಟ್ಟ ಸುಳಿವು

ಒಂದು ಲ್ಯಾಟಿನ್ ಪದ ಹಿಡಿದು, ಲ್ಯಾಟಿನ್ನಿನಿಂದ ಹುಟ್ಟಿದ ಮರಿ ಭಾಷೆಗಳಲ್ಲಿ ಅದು ಏನಾಯ್ತು ಅಂತ ನೋಡುವುದು ನನ್ನ ಸಂಜೆಯ ಹುಚ್ಚು. ಈಗ ಕೈಯಲ್ಲಿರುವುದು ‘ಮಿಸೆರಿಕೋರ್ಸ್’, ಅಂದರೆ ಕರುಣಾಳು. ‘ಮಿಸೆರ್’ ಅಂದರೆ ದಿಕ್ಕೆಟ್ಟವನು, ‘ಕೋರ್’ ಅಂದರೆ ಹೃದಯ. ನಮಗೆ ಚುರುಕ್ ಅನ್ನುವುದು ಕರುಳು, ರೋಮಿನವರಿಗೆ ಹೃದಯ.

ಪಟ್ಟಿ ತುಂಬಿಸಿದಾಗ ಸ್ವಲ್ಪ ನಿರಾಸೆಯೇ ಆಯ್ತು. ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್ ಮೂರರಲ್ಲೂ ‘ಮಿಸೆರಿಕೊರ್ದಿಯೋಸೊ’. ಉಚ್ಚಾರ ಅಷ್ಟಿಷ್ಟು ಬೇರೆ, ಸ್ಪೆಲ್ಲಿಂಗ್ ಒಂದೇ. ಕ್ಯಾಟಲನ್ ಕೊನೆಯ ‘ಒ’ ಬಿಟ್ಟಿದೆ. ಫ್ರೆಂಚ್ ‘ಮಿಸೆರಿಕೋರ್ದ್ಯೋ’ ಕೂಡ ಅದರ ತಮ್ಮನೇ. ಹಳೇ ‘ಮಿಸೆರಿಕೋರ್ಸ್’ ಬದಲು ಎಲ್ಲರೂ ‘-ಓಸುಸ್’ ಬಾಲದ ರೂಪವನ್ನೇ ಇಟ್ಟುಕೊಂಡಿದ್ದಾರೆ. ನಮ್ಮ ದಯೆಗೆ ‘-ಆಳು’ ಸೇರಿ ದಯಾಳು ಆಗುವ ಹಾಗೆ.

ಸಾವಿರಾರು ವರ್ಷ ಜನರ ಬಾಯಲ್ಲಿ ಉರುಳಿದ ಪದ ಇಷ್ಟು ನುಣ್ಣಗೆ ಉಳಿಯುತ್ತಾ? ಅನುಮಾನ ಬಂತು. ಎರಡು ಸಂಜೆ ಸುಮ್ನೆ ಅದರ ಹಿಂದೆ ಸುತ್ತಿದೆ. ಸುಳಿವು ಕೊಟ್ಟಿದ್ದು ಬಾರ್ಲಿ. ಲ್ಯಾಟಿನ್ನಿನಲ್ಲಿ ಬಾರ್ಲಿಗೆ ‘ಹೋರ್ದೆಯುಮ್’. ಅದರಲ್ಲೂ ‘ರ್ದ್’ ಆದಮೇಲೆ ಯಕಾರದ ಎಳೆತ ಇದೆ. ಅದು ಇಟಾಲಿಯನ್ನಿನಲ್ಲಿ ‘ಓರ್ದ್ಸೊ’, ಫ್ರೆಂಚಿನಲ್ಲಿ ‘ಓರ್ಜ್’ ಆಯ್ತು. ಅಂಗಡಿಯಲ್ಲಿ ಸಿಗುವ ಓರ್ಜೊ ಪಾಸ್ತಾದ ಹೆಸರು ಇದೇ. ಇದೇ ದಾರಿ ಹಿಡಿದಿದ್ದರೆ ಕರುಣೆಯ ‘ಕೊರ್ದಿಯ’ ಇಟಲಿಯಲ್ಲಿ ‘ಕೋರ್ದ್ಸ’ದ ಹತ್ತಿರ ಬರಬೇಕಿತ್ತು. ಬಂದಿಲ್ಲ!

ಅಂದರೆ ಇದು ಹೊಲದಲ್ಲಿ ಬೆಳೆದ ಪದ ಅಲ್ಲ, ಚರ್ಚಿನ ಲ್ಯಾಟಿನ್ ಪುಸ್ತಕದಿಂದ ಎತ್ತಿಕೊಂಡಿದ್ದು. ಶಾಲೆಯ ತತ್ಸಮ-ತದ್ಭವ ನೆನಪಿದೆ ಅಲ್ವಾ? ‘ಸಂಧ್ಯಾ’ ನಮ್ಮ ಬಾಯಲ್ಲಿ ‘ಸಂಜೆ’ ಆಯ್ತು, ‘ವಿದ್ಯೆ’ ಹಳಗನ್ನಡದಲ್ಲಿ ‘ಬಿಜ್ಜೆ’ ಆಗಿತ್ತು. ದಕಾರ ಧಕಾರಕ್ಕೆ ಯಕಾರ ತಾಗಿದರೆ ಜಕಾರ, ಅಲ್ಲೂ ಇಲ್ಲೂ ಹೆಚ್ಚುಕಡಿಮೆ ಅದೇ ಕತೆ. ಆದರೆ ಇವತ್ತು ನಾವು ಹೇಳುವುದು ವಿದ್ಯೆ ಅಂತಲೇ. ಬಾರ್ಲಿ ಅವರ ತದ್ಭವ, ಕರುಣೆ ಅವರ ತತ್ಸಮ. ಪಟ್ಟಿಗೆ ‘ಬಾಯಿಂದಲೋ ಪುಸ್ತಕದಿಂದಲೋ’ ಅಂತ ಹೊಸ ಕಾಲಂ ಸೇರಿಸಿದೆ.

ರೊಮೇನಿಯನ್ ಸಾಲು ಮಾತ್ರ ಬೇರೆಯೇ. ಅಲ್ಲಿ ಬೈಬಲ್ಲಿನ ಕರುಣಾಳುಗಳು ‘ಮಿಲೋಸ್ತಿವಿ’, ಅದು ಸ್ಲಾವ್ ಪದ, ಅಂದರೆ ರಷ್ಯನ್, ಬಲ್ಗೇರಿಯನ್ ಭಾಷೆಗಳ ಕುಟುಂಬದ್ದು. ಅವರ ಚರ್ಚು ಬಹುಕಾಲ ನಡೆದಿದ್ದು ಅದೇ ಕುಟುಂಬದ ಹಳೇ ಸ್ಲಾವೋನಿಕ್ ಭಾಷೆಯಲ್ಲಿ. ಬಾರ್ಲಿ ಮಾತ್ರ ಅಲ್ಲೂ ‘ಓರ್ಜ್’, ಲ್ಯಾಟಿನ್ನಿನದೇ.

ಮುಂದಿನ ವಾರ ಫ್ರೆಂಚಿನ ‘ಪಿತ್ವಯಾಬ್ಲ್’. ಹಿಂದೆ ಮರುಗುವವನಿಗೆ ಹೇಳುತ್ತಿದ್ದ ಪದ, ಈಗ ಮರುಕ ಹುಟ್ಟಿಸುವಷ್ಟು ಕಳಪೆ ಅನ್ನುವುದಕ್ಕೆ.