ರೈ ಅಂದ್ರೆ ರಾಗೀನಾ?

ಮಲ್ಲೇಶ್ವರದ ಬೇಕರಿಯಿಂದ ರೈ ಬ್ರೆಡ್ ತಂದೆ. 'ರೈ ಅಂದ್ರೆ ಮಂಗಳೂರು ಕಡೆಯವರ ಮನೆತನದ ಹೆಸರಲ್ವೇನೋ?' ಅಂದರು ಅಮ್ಮ. ಪಕ್ಕದ ಮನೆ ಹಿಂದಿ ಆಂಟಿಗೆ ಅದು ಸಾಸಿವೆ!

ಸುಮ್ನೆ ಹುಡುಕಿದೆ. ಇದು ಯುರೋಪಿನ ಚಳಿ ಸೀಮೆಯ ಧಾನ್ಯ, ಗೋಧಿಗೆ ನೆಂಟ. ಹಳೆಯ ಇಂಗ್ಲಿಷಿನಲ್ಲಿ ಇದರ ಹೆಸರು 'ರ್ಯುಗೆ'. ಜರ್ಮನ್ನರಿಗೆ 'ರೊಗ್ಗನ್', ರಷ್ಯನ್ನರಿಗೆ 'ರೋಷ್' (ಸಿಟ್ಟಿನ ರೋಷ ಅಲ್ಲ ಮತ್ತೆ). ಎಲ್ಲಕ್ಕೂ ಬೇರು ಒಂದೇ. ರ್ಯುಗೆ, ರೊಗ್ಗನ್ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಿದ್ದರೆ ನನಗೆ ರಾಗಿಯೇ ನೆನಪಾಗುತ್ತಿತ್ತು. ನೆಂಟಸ್ತಿಕೆ ಏನೂ ಇಲ್ಲ. ರಾಗಿ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಆದರೂ ಆ ಕಂದು ಬಣ್ಣ ನೋಡಿದರೆ ಒಂದು ಕ್ಷಣ ಅನುಮಾನ ಬರುತ್ತೆ, ಅಲ್ವಾ?

ಅಮ್ಮ ಒಂದು ತುಂಡು ಬಾಯಿಗಿಟ್ಟರು. 'ಹುಳಿ ಜಾಸ್ತಿ ಕಣೋ. ರಾತ್ರಿ ಮುದ್ದೆ, ಬಸ್ಸಾರು ಮಾಡ್ತೀನಿ ಬಿಡು.'