ಎಲ್ಲದಕ್ಕೂ ಏಳು ಎನ್ನುವ ಮೀಟರು

ಹುಡುಗ ಅಂಗಡಿಯ ಕೌಂಟರ್ ಮೇಲೆ ಮೂರು ಲೋಟ ಸಾಲಾಗಿ ಇಟ್ಟ. ಒಂದರಲ್ಲಿ ಲಿಂಬೆರಸ, ಒಂದರಲ್ಲಿ ಸೋಡಾ ಕಲಸಿದ ನೀರು, ಮತ್ತೊಂದರಲ್ಲಿ ನಳದ ನೀರು. ಹಿಂದಿನ ವಾರ ನಾನೇ ಮಾರಿದ್ದ, ಹುಳಿ-ಕ್ಷಾರ ಅಳೆಯುವ ಪಿಎಚ್ ಮೀಟರಿನ ಕಡ್ಡಿಯನ್ನು ಒಂದೊಂದರಲ್ಲೂ ಅದ್ದಿ ತೋರಿಸಿದ. 7.02, 7.01, 7.02. ಹುಳಿಯಾದರೆ ಏಳಕ್ಕಿಂತ ಕಡಿಮೆ, ಕ್ಷಾರವಾದರೆ ಹೆಚ್ಚು ತೋರಿಸಬೇಕು.

"ಕಾಕಾ, ಇದಕ್ಕ ಲಿಂಬಿಹಣ್ಣೂ ಒಂದ, ಸೋಡಾನೂ ಒಂದ. ಭಾಳ ಸಮಾಧಾನದ ಮೀಟರ್ ಐತಿ ನೋಡ್ರಿ" ಎಂದ.

ನಗು ಬಂತು, ನಾಚಿಕೆಯೂ ಆಯಿತು. ಹುಬ್ಬಳ್ಳಿಯಲ್ಲಿ ನಂದು ಲ್ಯಾಬ್ ಸಾಮಾನಿನ ಸಣ್ಣ ಅಂಗಡಿ. ಬೀಕರು, ಬ್ಯೂರೆಟ್ಟು, ಫಿಲ್ಟರ್ ಪೇಪರು. ಕಾಲೇಜುಗಳೇ ದೊಡ್ಡ ಗಿರಾಕಿ. ಆದರೆ ಈಚೆಗೆ ಇನ್ನೊಂದು ಥರದವರು ಬರುತ್ತಾರೆ, ಮನೆಯಲ್ಲೇ ಸುಮ್ನೆ ಖುಷಿಗೆ ಕೆಮಿಸ್ಟ್ರಿ ಮಾಡುವವರು. ಈ ಹುಡುಗ ಧಾರವಾಡದ ಸಪ್ತಾಪುರದವನು, ಪಿಯುಸಿ. ಪಟಿಕ, ಮೈಲುತುತ್ತದ ಹರಳು ಬೆಳೆಸುತ್ತಾನೆ. ವಿದ್ಯಾನಗರದ ಒಬ್ಬ ಅಕ್ಕ ಸೋಪು ಮಾಡುತ್ತಾರೆ. ಹಾವೇರಿಯ ನಿವೃತ್ತ ಮಾಸ್ತರರೊಬ್ಬರು ಕೆಂಪು ಎಲೆಕೋಸಿನ ರಸದ ಬಣ್ಣವನ್ನು ಮೀಟರಿನ ಅಂಕಿಯ ಜೊತೆ ಹೋಲಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ವ್ಯಾಪಾರ ಚಿಕ್ಕದು, ಪ್ರಶ್ನೆ ಜಾಸ್ತಿ. ನನಗೆ ಕೆಲಸ ಕಲಿಸಿದವರು ಮಾತ್ರ ಇವರೇ.

ಹುಡುಗನ ಮೀಟರು ಹಳೇ ಮಾಲು. ಮುಚ್ಚಿಹೋದ ಒಂದು ಲ್ಯಾಬಿನಿಂದ ಎಂಟು ಮೀಟರುಗಳನ್ನು ಒಟ್ಟಿಗೇ ಒಂಬತ್ತು ಸಾವಿರಕ್ಕೆ ಎತ್ತಿಕೊಂಡು ಬಂದಿದ್ದೆ. ಅಲ್ಲಿ ನಾನು ಮಾಡಿದ ಪರೀಕ್ಷೆ ಇಷ್ಟೇ: ಪ್ಲಗ್ಗಿಗೆ ಹಾಕಿದೆ, ಅಂಕಿ ಬೆಳಗಿದವು, ದುಡ್ಡು ಕೊಟ್ಟೆ. ಟೇಬಲ್ ಫ್ಯಾನ್ ಕೊಳ್ಳುವವನೂ ನಾಲ್ಕು ಸುತ್ತು ತಿರುಗಿಸಿ ನೋಡುತ್ತಾನೆ, ಅಲ್ವಾ?

ಪಿಎಚ್ ಮೀಟರಿನಲ್ಲಿ ಆ ಪೆಟ್ಟಿಗೆ ಮಾಡುವುದು ಬರೀ ವೋಲ್ಟ್ ಅಳೆಯುವ ಕೆಲಸ. ಅದು ಇಪ್ಪತ್ತು ವರ್ಷ ಬಾಳಿದರೂ ಬಾಳಿತು. ರುಚಿ ನೋಡುವ ನಾಲಿಗೆ ಅಂದರೆ ಎಲೆಕ್ಟ್ರೋಡಿನ, ಅಂದರೆ ಅದ್ದುವ ಆ ಕಡ್ಡಿಯ, ತುದಿಯ ಗಾಜಿನ ಗುಂಡು. ಗಾಜು ತೆಳು, ಅದರ ಮೇಲ್ಪದರ ಯಾವಾಗಲೂ ನೀರು ಹೀರಿಕೊಂಡು ಹಸಿಯಾಗಿರಬೇಕು. ಚೆನ್ನಾಗಿ ನೋಡಿಕೊಂಡರೂ ಅದರ ಆಯಸ್ಸು ಸಾಮಾನ್ಯವಾಗಿ ಒಂದೆರಡು ವರ್ಷ. ನಾನು ತಂದ ಎಲೆಕ್ಟ್ರೋಡುಗಳು ಎಷ್ಟು ಬೇಸಿಗೆ ಆ ಕಪಾಟಿನಲ್ಲಿ ಒಣಗಿದ್ದವೋ ದೇವರೇ ಬಲ್ಲ.

ಅವತ್ತು ಸಂಜೆ ಶಟರ್ ಅರ್ಧ ಎಳೆದು ಎಂಟನ್ನೂ ಕೌಂಟರ್ ಮೇಲೆ ಹರವಿದೆ. ಮೊದಲು ಕೆಟ್ಟಿದ್ದು ಪೆಟ್ಟಿಗೆಯೋ ಎಲೆಕ್ಟ್ರೋಡೋ ತಿಳಿಯಬೇಕು. ಅದಕ್ಕೆ ಒಂದು ತಂತಿ ತುಂಡು ಸಾಕು. ಎಲೆಕ್ಟ್ರೋಡ್ ಬಿಚ್ಚಿ, ಮೀಟರಿನಲ್ಲಿ ಅದು ಕೂರುವ ಬಿಎನ್‌ಸಿ ಸಾಕೆಟ್ಟಿನ ನಡುವಿನ ತೂತಿಗೂ ಹೊರಗಿನ ಲೋಹದ ಬಳೆಗೂ ತಂತಿ ತಾಗಿಸಿದರೆ ಸೊನ್ನೆ ಮಿಲಿವೋಲ್ಟ್, ಅಂದರೆ ಸುಮಾರು ಏಳು ಪಿಎಚ್ ತೋರಿಸಬೇಕು. ಎಂಟೂ ತೋರಿಸಿದವು. ಪೆಟ್ಟಿಗೆಗಳ ಮೇಲೆ ಅನುಮಾನ ಪಡಲು ಏನೂ ಸಿಗಲಿಲ್ಲ.

ಆಮೇಲೆ ಎಲೆಕ್ಟ್ರೋಡುಗಳ ಸರದಿ. ಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ 7ರ ಬಫರಿನಲ್ಲಿ, ಅಂದರೆ ಪಿಎಚ್ 7 ಎಂದು ಮೊದಲೇ ಗೊತ್ತಿರುವ ದ್ರಾವಣದಲ್ಲಿ, ಅದ್ದಬೇಕು. ಸೊನ್ನೆಯ ಆಚೀಚೆ ಮೂವತ್ತರೊಳಗೆ ಬಂದರೆ ಒಳ್ಳೆಯದು. ತೊಳೆದು 4ರ ಬಫರಿನಲ್ಲಿ ಅದ್ದಿದಾಗ ಅದಕ್ಕಿಂತ ಸುಮಾರು 177 ಮಿಲಿವೋಲ್ಟ್ ಏರಬೇಕು. 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ 59.16, ಹಾಗಾಗಿ ಮೂರಕ್ಕೆ 177. ನೂರೈವತ್ತೂ ಏರದಿದ್ದರೆ ಅದನ್ನು ನಾನು ಈಗ ಮಾರುವುದಿಲ್ಲ. ಅಲುಗಾಡದೇ ಸೊನ್ನೆಯ ಹತ್ತಿರವೇ ಕೂತಿತೋ, ಸಾಮಾನ್ಯವಾಗಿ ಗುಂಡು ಎಲ್ಲೋ ಕೂದಲೆಳೆಯಷ್ಟು ಬಿರಿದಿದೆ ಎಂದು ಅರ್ಥ. ಹುಡುಗನದು ಅದೇ. ಕಣ್ಣಿಗೆ ಕಾಣದ ಬಿರುಕು, ಆದ್ದರಿಂದಲೇ ಎಲ್ಲದಕ್ಕೂ ಏಳು.

ಎಂಟರಲ್ಲಿ ಎರಡಕ್ಕೆ ಹಳೇ ಕಾಲದ, ಎರಡು ಬೇರೆ ಬೇರೆ ಕಡ್ಡಿಗಳ ಜೋಡಿ ಎಲೆಕ್ಟ್ರೋಡು ಇದ್ದವು. ಉಳಿದ ಆರರಲ್ಲಿ ಒಂದು ನೆಟ್ಟಗಿತ್ತು. ಎರಡನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ಗಂಟೆ, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿದ ಮೇಲೆ ಜೀವ ಬಂತು. ಮೂರು ಸತ್ತಿದ್ದವು. ಹುಡುಗನಿಗೆ ಹೊಸ ಎಲೆಕ್ಟ್ರೋಡ್ ಕೊಟ್ಟೆ. ಆ ಮೀಟರಿನಲ್ಲಿ ಗಳಿಸಿದ್ದಕ್ಕಿಂತ ಅದರ ಬೆಲೆಯೇ ಜಾಸ್ತಿ.

ಇಲ್ಲಿಗೆ ಮುಗಿದಿದ್ದರೆ ಹಳೇ ಮಾಲಿನ ತಪ್ಪು ಅಂದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಸೋಪಿನ ಅಕ್ಕ ತೆಗೆದುಕೊಂಡಿದ್ದು ಹೊಸದು, ಡಬ್ಬಿ ಒಡೆಯದ ಮಾಲು. ತಿಂಗಳು ಕಳೆಯುವುದರೊಳಗೆ ಅಂಕಿ ನಿಲ್ಲಲು ಐದು ನಿಮಿಷ ತೆಗೆದುಕೊಳ್ಳತೊಡಗಿತ್ತು. "ನೀವ ಹೇಳಿದ್ರಲ್ರೀ, ಡಿಸ್ಟಿಲ್ಡ್ ನೀರಿನ್ಯಾಗ ಇಡ್ರಿ ಅಂತ" ಎಂದರು. ಹೌದು, ನಾನೇ ಹೇಳಿದ್ದೆ. ಒಣಗಬಾರದು ಎಂಬಷ್ಟೇ ಗೊತ್ತಿತ್ತು. ಅವರು ಪಾಪ, ಬ್ಯಾಟರಿ ನೀರಿನ ಕ್ಯಾನ್ ತಂದು ನಿಷ್ಠೆಯಿಂದ ಅದರಲ್ಲೇ ಮುಳುಗಿಸಿಟ್ಟಿದ್ದರು. ಏನೂ ಇಲ್ಲದ ನೀರು ಎಲೆಕ್ಟ್ರೋಡಿನ ಒಳಗಿನ ಉಪ್ಪನ್ನು ಹೊರಗೆಳೆದುಕೊಳ್ಳುತ್ತದೆ. ಇಡಬೇಕಾದದ್ದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ. 100 ಎಂಎಲ್ ದ್ರಾವಣಕ್ಕೆ 22.4 ಗ್ರಾಂ. ಡಿಸ್ಟಿಲ್ಡ್ ನೀರು ಏನಿದ್ದರೂ ತೊಳೆಯಲಿಕ್ಕೆ.

"ತಪ್ಪು ನಂದ ಐತ್ರಿ ಅಕ್ಕಾರ" ಎಂದೆ. ಅಂದಿನಿಂದ ಪ್ರತಿ ಮೀಟರಿನ ಜೊತೆ ಒಂದು ಪುಟ್ಟ ಬಾಟಲಿ ದ್ರಾವಣ ನಾನೇ ಮಾಡಿ ಕೊಡುತ್ತೇನೆ. ಈಗ ಬೇರೆ ದೂರು: ಮುಚ್ಚಳದ ಸುತ್ತ ಬಿಳೀ ಬೂಷ್ಟು ಹಿಡಿದಿದೆ ಎಂದು ಫೋನು. ಬೂಷ್ಟಲ್ಲ, ಅದೇ ಉಪ್ಪು ಒಣಗಿ ಕೂತದ್ದು. ತೊಳೆದರೆ ಹೋಗುತ್ತದೆ.

ಬಫರಿನಲ್ಲೂ ಎಡವಿದ್ದೇನೆ. ನಮ್ಮ ಪೆನ್ ಮೀಟರುಗಳಲ್ಲಿ ಕೆಲವು 6.86ಕ್ಕೆ ಹೊಂದಿಸುವಂಥವು, ಕೆಲವು 7.00ಕ್ಕೆ. ನಾನು 6.86ರ ಮೀಟರಿಗೆ 7.00ರ ಪುಡಿ ಪೊಟ್ಟಣ ಕಟ್ಟಿ ಕಳಿಸಿದ್ದೆ. ಮಾಸ್ತರರ ನೋಟ್‌ಬುಕ್ಕಿನ ಎರಡು ಪುಟ ಸರಿಯಾಗಿ 0.14 ಕಡಿಮೆ. ಕಂಡುಹಿಡಿದವರೂ ಅವರೇ, ನನ್ನನ್ನು ಬೈಯದೆ ಬಿಟ್ಟವರೂ ಅವರೇ. ಆದರೆ ಬ್ಯಾಟರಿ ನೀರು 5.8 ತೋರಿಸುತ್ತಿದೆ, ಮೀಟರು ಕೆಟ್ಟಿದೆ ಎಂದು ಅವರು ಫೋನ್ ಮಾಡಿದಾಗ ಗೆದ್ದವನು ನಾನು. ಶುದ್ಧ ನೀರು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. 5.6ರವರೆಗೂ ಇಳಿಯಬಹುದು.

ಪೆನ್ ಮೀಟರು ಕೇಳಿ ಬರುವವರಿಗೆ ಈಗ ಮೊದಲೇ ಹೇಳಿಬಿಡುತ್ತೇನೆ: ತೆರೆಯ ಮೇಲೆ ದಶಾಂಶದ ಆಚೆ ಎರಡು ಅಂಕಿ ಇದ್ದರೂ ಮೊದಲನೆಯದನ್ನಷ್ಟೇ ನಂಬಿ. ಹರಳು ಬೆಳೆಸಲು, ಸೋಪು ನೋಡಲು ಅಷ್ಟು ಸಾಕು. ಕೆಲವರು ಇದನ್ನು ಕೇಳಿ ಕೊಳ್ಳದೇ ಹೋಗುತ್ತಾರೆ. ಹೋಗಲಿ. ಹಳೇ ಮಾಲು ಕೊಳ್ಳಲು ಹೊರಟರೆ ಚೀಲದಲ್ಲಿ ತಂತಿ ತುಂಡು, ಎರಡು ಬಫರ್ ಬಾಟಲಿ. ಮಾರುವವರಿಗೆ ಕಿರಿಕಿರಿ. ಎಲೆಕ್ಟ್ರೋಡಿಗೆ ನಾನು ಬೆಲೆ ಕಟ್ಟುವುದೇ ಇಲ್ಲ, ಪೆಟ್ಟಿಗೆಗೆ ಮಾತ್ರ.

ಅಂದಹಾಗೆ, 1934ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ತನ್ನ ಮೊದಲ ಪಿಎಚ್ ಮೀಟರು ಮಾಡಿಕೊಟ್ಟಿದ್ದು ಲಿಂಬೆರಸದ ಹುಳಿ ಅಳೆಯಲು. ಹುಡುಗನಿಗೆ ಇದನ್ನು ಹೇಳಿದಾಗ ಅವನು ಬೇರೇನೋ ಯೋಚಿಸುತ್ತಿದ್ದ. "ಕಾಕಾ, ಆ ಸತ್ತ ಕಡ್ಡಿ ಏನ್ ಮಾಡ್ತೀರಿ? ಒಳಗ ಬೆಳ್ಳಿ ತಂತಿ ಇರ್ತೈತಂತ?"

ಇರುತ್ತದೆ, ಬೆಳ್ಳಿ ಕ್ಲೋರೈಡ್ ಬಳಿದ ಎಳೆ ತಂತಿ. ಜೋಡಿ ಎಲೆಕ್ಟ್ರೋಡುಗಳಲ್ಲಿ ಕ್ಯಾಲೊಮೆಲ್ ಇತ್ತು, ಅಂದರೆ ಪಾದರಸದ ಸಂಯುಕ್ತ. ಅವೆರಡನ್ನು ಎತ್ತಿ ಮೇಲಿನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಉಳಿದ ಮೂರನ್ನು ಕಾಗದದಲ್ಲಿ ಸುತ್ತಿ ಕೊಟ್ಟೆ, ಕನ್ನಡಕ ಹಾಕಿಕೊಂಡು ಒಡೆ ಎಂದೆ. ಹದಿನೈದು ದಿನದ ಮೇಲೆ ಒಂದು ಪೇಡೆ ಡಬ್ಬಿ ಹಿಡಿದು ಬಂದ. ಪೇಡೆ ಇರಲಿಲ್ಲ. ಹತ್ತಿಯ ಮೇಲೆ ಮೂರು ತಂತಿ, ಪಕ್ಕದಲ್ಲಿ ಒಂದು ಗಾಜಿನ ಗುಂಡು. ಅದರ ಮೇಲಿನ ಬಿರುಕು ಲೆನ್ಸಿನಲ್ಲಿ ಕಾಣುತ್ತಿತ್ತು. ಆ ಡಬ್ಬಿ ಈಗ ನನ್ನ ಕೌಂಟರ್ ಮೇಲಿದೆ.